ಬಿಡಿಭಾಗಕ್ಕೆ ಬೆಲೆಯುಂಟು, ದೋಷ ಪತ್ತೆಗೆ ಬೆಲೆಯಿಲ್ಲವೇ?

ಹಳೆಯ ಟ್ರ್ಯಾಕ್ಟರುಗಳ ಪುನಶ್ಚೇತನದ ಕುರಿತು ಒಂದು ಅಭಿಪ್ರಾಯ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಚರಿಸುವವರಿಗೆ, ಹಿತ್ತಲಿನ ಬೇವಿನ ಮರದ ಕೆಳಗೆ ನಿಂತು ತುಕ್ಕು ಹಿಡಿಯುತ್ತಿರುವ ಹಳೆಯ ಟ್ರ್ಯಾಕ್ಟರು ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುವುದುಂಟು. ಒಂದು ಕಾಲದಲ್ಲಿ ಇಡೀ ಊರಿನ ತೊಗರಿ ಹೊಲಗಳನ್ನು ಉತ್ತ ಯಂತ್ರಗಳು ಅವು. ಅವುಗಳಲ್ಲಿ ಕೆಲವನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ. ಇನ್ನು ಕೆಲವನ್ನು ಮನೆಯವರು ಅಭಿಮಾನದಿಂದಲೋ ಅಗತ್ಯದಿಂದಲೋ ಮತ್ತೆ ನಡೆಯುವ ಸ್ಥಿತಿಗೆ ತರಲು ಮನಸ್ಸು ಮಾಡುತ್ತಾರೆ. ಹಾಗೆ ಮನಸ್ಸು ಮಾಡಿದವರಲ್ಲಿ ಎಷ್ಟೋ ಮಂದಿ ಅರ್ಧ ದಾರಿಯಲ್ಲಿ ಕೈಚೆಲ್ಲುತ್ತಾರೆ. ಇದಕ್ಕೆ ಯಂತ್ರದ ವಯಸ್ಸೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ನಮ್ಮ ದುರಸ್ತಿ ವ್ಯವಹಾರದ ಲೆಕ್ಕಾಚಾರವೇ ಕಾರಣವೆಂಬುದು ಈ ಲೇಖನದ ಅಭಿಪ್ರಾಯ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಟ್ರ್ಯಾಕ್ಟರ್ ಮಾರಾಟಗಾರರೂ, ಬಿಡಿಭಾಗಗಳ ವ್ಯಾಪಾರಿಗಳೂ, ವರ್ಕ್‌ಶಾಪ್ ಮಾಲೀಕರೂ ಇರುವುದರಿಂದ ಈ ವಿಷಯವನ್ನು ಇಲ್ಲಿಯೇ ಚರ್ಚಿಸುವುದು ಉಚಿತವೆನಿಸುತ್ತದೆ.

ಯಾವ ಟ್ರ್ಯಾಕ್ಟರುಗಳು ಇವು?

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಇನ್ನೂ ನೂರು ವರ್ಷ ತುಂಬಿಲ್ಲ. 1959ರಲ್ಲಿ ಫರೀದಾಬಾದಿನಿಂದ ಮೊದಲ ಐಷರ್ ಟ್ರ್ಯಾಕ್ಟರು ಹೊರಬಂದಿತು. ಅನಂತರದ ಕೆಲವೇ ವರ್ಷಗಳಲ್ಲಿ ಚೆನ್ನೈನ ಟಾಫೆ ಸಂಸ್ಥೆ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. 1963ರಲ್ಲಿ ಮಹೀಂದ್ರಾ ಸಂಸ್ಥೆಯು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಹಯೋಗದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟಿತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು, ಕೈಗಡಿಯಾರಗಳಿಂದ ಮನೆಮಾತಾದ ಎಚ್‌.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಝೆಟರ್ ತಂತ್ರಜ್ಞಾನದೊಡನೆ 25 ಅಶ್ವಶಕ್ತಿಯ ಟ್ರ್ಯಾಕ್ಟರು ತಯಾರಿಸಲು ಆರಂಭಿಸಿತು. ಎರಡು ಸಿಲಿಂಡರಿನ 2511, ಮೂರು ಸಿಲಿಂಡರಿನ 3511 ಎಂಬ ಮಾದರಿಗಳು ಇಂದಿಗೂ ಹಿರಿಯ ರೈತರ ನೆನಪಿನಲ್ಲಿವೆ.

ಈ ಸಂಸ್ಥೆಗಳ ಮುಂದಿನ ಹಣೆಬರಹ ಒಂದೇ ತೆರನಾಗಿಲ್ಲ. ಐಷರ್ ಟ್ರ್ಯಾಕ್ಟರ್ ವಿಭಾಗವನ್ನು 2005ರಲ್ಲಿ ಟಾಫೆ ಸಂಸ್ಥೆ ಕೊಂಡುಕೊಂಡಿದ್ದರಿಂದ ಆ ಹೆಸರು ಉಳಿಯಿತು. ಎಚ್‌.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ತಯಾರಕ ಸಂಸ್ಥೆ ನಿಂತುಹೋದ ಮೇಲೆ ಅದರ ಅಧಿಕೃತ ಬಿಡಿಭಾಗಗಳ ಸರಬರಾಜು ಬತ್ತುತ್ತದೆ. ಉಳಿಯುವುದು ಹಳೆಯ ದಾಸ್ತಾನು, ಗುಜರಿ ಅಂಗಡಿ, ಲೇಥ್ ಯಂತ್ರ ಮತ್ತು ಅನುಭವಿ ಮಿಸ್ತ್ರಿಯ ಕೈಚಳಕ. ಆದುದರಿಂದಲೇ ಇಂತಹ ಯಂತ್ರದಲ್ಲಿ ಒಂದು ಭಾಗವನ್ನು ವಿನಾಕಾರಣ ಬದಲಾಯಿಸುವುದು ಹಣದ ನಷ್ಟವಷ್ಟೇ ಅಲ್ಲ. ತೆಗೆದು ಬಿಸುಟ ಅಸಲಿ ಭಾಗಕ್ಕೆ ಸಮನಾದುದು ಮತ್ತೆ ದೊರೆಯದೆ ಹೋಗಬಹುದು.

ಒಂದು ಉದಾಹರಣೆ

ಕುರಕುಂಟಾದ ರೈತರೊಬ್ಬರು ಹತ್ತು ವರ್ಷ ನಿಂತಿದ್ದ ಎಚ್‌.ಎಂ.ಟಿ. 2511 ಟ್ರ್ಯಾಕ್ಟರನ್ನು ಪುನಶ್ಚೇತನಗೊಳಿಸಲು ಹೊರಟಿದ್ದಾರೆಂದು ಭಾವಿಸೋಣ. ಟ್ಯಾಂಕು ತೊಳೆಸಿ, ಎಣ್ಣೆ ಬದಲಿಸಿ, ಹೊಸ ಬ್ಯಾಟರಿ ಜೋಡಿಸಿದ್ದಾರೆ. ಎಂಜಿನ್ ಶುರುವಾಗುತ್ತದೆ, ಹತ್ತು ಹದಿನೈದು ನಿಮಿಷ ಓಡುತ್ತದೆ, ಅನಂತರ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಯತ್ನಿಸಿದರೆ ಮತ್ತೆ ಶುರುವಾಗುತ್ತದೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ತೀರ್ಪು ‘ಡೀಸೆಲ್ ಪಂಪು ಹೋಗಿದೆ’ ಎಂಬುದು. ಪಂಪನ್ನು ಬಿಚ್ಚಿ ನಗರಕ್ಕೆ ಕಳುಹಿಸಿ, ಒಳಗಿನ ಎಲಿಮೆಂಟುಗಳನ್ನು ಬದಲಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಸಾವಿರಾರು ರೂಪಾಯಿ ಕೈಬಿಟ್ಟಿರುತ್ತದೆ. ಟ್ರ್ಯಾಕ್ಟರು ಮಾತ್ರ ಹದಿನೈದನೆಯ ನಿಮಿಷಕ್ಕೆ ಎಂದಿನಂತೆ ನಿಲ್ಲುತ್ತದೆ. ಏಕೆಂದರೆ ದೋಷವಿದ್ದುದು ಟ್ಯಾಂಕಿನ ಮುಚ್ಚಳದಲ್ಲಿ. ಮುಚ್ಚಳದಲ್ಲಿರುವ ಗಾಳಿಯ ಸಣ್ಣ ರಂಧ್ರ ಮಣ್ಣಿನಿಂದ ಮುಚ್ಚಿಹೋದರೆ, ಡೀಸೆಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಎಣ್ಣೆಯ ಹರಿವು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸಂದುಗಳಿಂದ ಗಾಳಿ ನುಗ್ಗಿ ಮತ್ತೆ ಹರಿವು ಆರಂಭವಾಗುತ್ತದೆ. ಎಂಜಿನ್ ನಿಲ್ಲುವ ಹೊತ್ತಿಗೆ ಮುಚ್ಚಳವನ್ನು ಸಡಿಲಿಸಿ ನೋಡಿದ್ದರೆ ಉತ್ತರ ದೊರೆಯುತ್ತಿತ್ತು. ಅದಕ್ಕೆ ತಗಲುವ ವೆಚ್ಚ ಶೂನ್ಯ. ಮುಚ್ಚಳ ಸರಿಯಿದ್ದರೆ ಟ್ಯಾಂಕಿನ ತಳದಲ್ಲಿ ಕಳಚಿದ ತುಕ್ಕು ಕೊಳವೆಯ ಬಾಯಿಗೆ ಬಂದು ಕೂತಿದೆಯೇ, ಫಿಲ್ಟರ್ ಕಟ್ಟಿದೆಯೇ, ಕೊಳವೆಯ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ಎಂದು ಕ್ರಮವಾಗಿ ನೋಡಬೇಕು. ಪಂಪಿನ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಡೀಸೆಲ್ ಎಂಜಿನ್ನಿನ ದೋಷ ಪತ್ತೆಯ ಮೂಲತತ್ತ್ವ ಇಷ್ಟೇ: ಸುಲಭವಾದುದನ್ನೂ ಅಗ್ಗವಾದುದನ್ನೂ ಮೊದಲು ಪರೀಕ್ಷಿಸಬೇಕು, ಬಿಚ್ಚುವುದು ಕೊನೆಯ ಹೆಜ್ಜೆಯಾಗಬೇಕು. ಈ ಎಂಜಿನ್ನಿಗೆ ಬೇಕಾದುದು ಮೂರು. ಶುದ್ಧ ಗಾಳಿ, ಆ ಗಾಳಿಯನ್ನು ಕಾಯಿಸುವಷ್ಟು ಒತ್ತಡ, ಮತ್ತು ಸರಿಯಾದ ಗಳಿಗೆಯಲ್ಲಿ ಮಂಜಿನಂತೆ ಸಿಂಪಡಿಸಲ್ಪಡುವ ಡೀಸೆಲ್. ಈ ಮೂರರಲ್ಲಿ ಯಾವುದು ಕೆಟ್ಟಿದೆಯೆಂಬುದನ್ನು ಬಹುಮಟ್ಟಿಗೆ ಹೊಗೆಯೇ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಬಿಳಿ ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ನಾಜಲ್ಲಿನ ಕೊಳವೆಯ ನಟ್ಟನ್ನು ಸ್ವಲ್ಪ ಸಡಿಲಿಸಿದರೆ ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂಬುದು ತಿಳಿಯುತ್ತದೆ. ಸಡಿಲಿಸಿದಾಗ ಎಂಜಿನ್ನಿನ ವೇಗ ಕುಗ್ಗದಿದ್ದರೆ ದೋಷ ಆ ಸಿಲಿಂಡರಿನದೇ. ಅತ್ಯಧಿಕ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದಾದುದರಿಂದ ಈ ಪರೀಕ್ಷೆಯಲ್ಲಿ ಕೈ, ಮುಖ ದೂರವಿರಬೇಕೆಂಬುದನ್ನು ಮಾತ್ರ ಮರೆಯಬಾರದು.

ವರ್ಷಗಟ್ಟಲೆ ನಿಂತ ಯಂತ್ರದ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಪಿಸ್ಟನ್ ಲೈನರಿಗೆ ತುಕ್ಕಿನಿಂದ ಅಂಟಿಕೊಂಡಿರಬಹುದು. ಅದನ್ನು ಪರೀಕ್ಷಿಸದೆ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಶುರುಮಾಡುವ ಪರಿಪಾಠ ನಮ್ಮಲ್ಲಿದೆ. ರಿಂಗುಗಳು ಮುರಿಯುವುದೂ, ಕನೆಕ್ಟಿಂಗ್ ರಾಡ್ ಬಾಗುವುದೂ ಇಂತಹ ಅವಸರದಿಂದಲೇ. ನಾಜಲ್ಲುಗಳನ್ನು ತೆಗೆದು, ಡೀಸೆಲ್ ಬೆರೆಸಿದ ಎಣ್ಣೆಯನ್ನು ಸಿಲಿಂಡರಿಗೆ ಹಾಕಿ, ಕೆಲವು ದಿನ ನೆನೆಯಲು ಬಿಟ್ಟು, ಅನಂತರ ಕೈಯಿಂದ ಮೆಲ್ಲನೆ ತಿರುಗಿಸಿ ನೋಡುವುದಕ್ಕೆ ತಾಳ್ಮೆಯೊಂದಿದ್ದರೆ ಸಾಕು.

ನಮ್ಮ ನೆಲದ ವಿಶೇಷ ದೋಷಗಳು

ದೋಷ ಪತ್ತೆಯಲ್ಲಿ ಸ್ಥಳೀಯ ತಿಳಿವಳಿಕೆಯ ಪಾತ್ರ ದೊಡ್ಡದು. ವಾಡಿ, ಶಹಾಬಾದ, ಮಳಖೇಡ, ಸೇಡಂ ಭಾಗ ಸುಣ್ಣಕಲ್ಲಿನ ನಾಡು. ಸಿಮೆಂಟ್ ಕಾರ್ಖಾನೆಗಳೂ ಶಹಾಬಾದ ಕಲ್ಲಿನ ಗಣಿಗಳೂ ಇಲ್ಲಿ ನೆಲೆಯೂರಿರುವುದು ಆ ಕಲ್ಲಿನಿಂದಲೇ. ಅದೇ ಕಲ್ಲು ನಮ್ಮ ಟ್ರ್ಯಾಕ್ಟರುಗಳ ಎರಡು ದೊಡ್ಡ ರೋಗಗಳಿಗೂ ಮೂಲವಾಗಿದೆ.

ಮೊದಲನೆಯದು ನೀರು. ಸುಣ್ಣಕಲ್ಲಿನ ಪದರಗಳ ಮೂಲಕ ಬರುವ ಕೊಳವೆಬಾವಿಯ ನೀರು ಗಡಸು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಚಹಾದ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿಯ ಪೊರೆ ರೇಡಿಯೇಟರಿನ ನಳಿಗೆಗಳಲ್ಲಿಯೂ, ಲೈನರುಗಳ ಸುತ್ತಲೂ ಕಟ್ಟುತ್ತದೆ. ಈ ಪೊರೆ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ಎಂಜಿನ್ ಕಾಯುತ್ತದೆ. ಆಗ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದು ಹೆಡ್ ಬಿಚ್ಚುವುದಕ್ಕೆ ಮುನ್ನ ಫ್ಯಾನ್ ಬೆಲ್ಟ್ ಬಿಗಿಯಾಗಿದೆಯೇ, ರೇಡಿಯೇಟರಿನ ಮೇಲ್ಭಾಗ ಸುಡುತ್ತಿದ್ದು ಕೆಳಭಾಗದಲ್ಲಿ ಅಲ್ಲಲ್ಲಿ ತಣ್ಣಗಿದೆಯೇ, ಎಂಜಿನ್ ಓಡುವಾಗ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುತ್ತಿವೆಯೇ ಎಂದು ನೋಡಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ನೀರು ಸಿಡಿದು ಮೈ ಸುಡುವುದರಿಂದ, ಗುಳ್ಳೆಗಳ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗಲೇ ಆರಂಭಿಸಬೇಕು. ಗುಳ್ಳೆಗಳಿದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ದೋಷ. ಇಲ್ಲದಿದ್ದರೆ ರೇಡಿಯೇಟರನ್ನು ಶುದ್ಧಗೊಳಿಸುವುದೇ ಚಿಕಿತ್ಸೆ.

ಎರಡನೆಯದು ಧೂಳು. ಕಲ್ಲು ಸಾಗಿಸುವ, ಗಣಿಯ ಹಾದಿಯಲ್ಲಿ ಓಡಾಡಿದ ಟ್ರ್ಯಾಕ್ಟರಿನ ಆಯಿಲ್ ಬಾತ್ ಏರ್ ಕ್ಲೀನರನ್ನು ಬಿಚ್ಚಿ ನೋಡಿದರೆ ತಳದಲ್ಲಿ ಎಣ್ಣೆಯ ಬದಲು ಕೆಸರು ಕಾಣುತ್ತದೆ. ಅದಕ್ಕಿಂತಲೂ ಅಪಾಯಕಾರಿಯಾದುದು ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಬಿರುಕು. ಆ ಬಿರುಕಿನಿಂದ ಸೋಸದ ಗಾಳಿ ನೇರವಾಗಿ ಒಳನುಗ್ಗಿ ಲೈನರ್, ಪಿಸ್ಟನ್, ರಿಂಗುಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ನೀಲಿ ಹೊಗೆ ಬಂದಾಗ ಹೊಸ ಲೈನರ್ ಸೆಟ್ ಹಾಕಿ, ಆ ಒಡೆದ ಕೊಳವೆಯನ್ನು ಹಾಗೆಯೇ ಬಿಟ್ಟರೆ ಕೆಲವೇ ಹಂಗಾಮುಗಳಲ್ಲಿ ಮತ್ತೆ ಅದೇ ನೀಲಿ ಹೊಗೆ. ಇಲ್ಲಿ ಸವೆದ ಭಾಗವನ್ನು ಬದಲಿಸಿದ್ದು ತಪ್ಪಲ್ಲ. ಸವೆತದ ಕಾರಣವನ್ನು ಹುಡುಕದೆ ಬಿಟ್ಟದ್ದು ತಪ್ಪು.

ವಿದ್ಯುತ್ ಭಾಗದಲ್ಲಿಯೂ ಇದೇ ಕಥೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರು ಬದಲಾಗುತ್ತವೆ. ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿಯ ಋಣ ಧ್ರುವಕ್ಕೂ ಎಂಜಿನ್ನಿನ ಮೈಗೂ ನಡುವೆ ಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿತೆಂದರೆ ತುಕ್ಕು ಹಿಡಿದ ಅರ್ಥಿಂಗ್ ಪಟ್ಟಿಯೇ ಅಪರಾಧಿ. ಅದನ್ನು ಉಜ್ಜಿ ಬಿಗಿಗೊಳಿಸುವುದು ಕೆಲವೇ ನಿಮಿಷಗಳ ಕೆಲಸ.

ತಪ್ಪು ಯಾರದು?

ಮಿಸ್ತ್ರಿಗಳಿಗೆ ಇದೆಲ್ಲ ತಿಳಿಯದೆಂದು ಭಾವಿಸಿದರೆ ಅದು ಅವರಿಗೆ ಮಾಡುವ ಅನ್ಯಾಯ. ನಮ್ಮ ಭಾಗದ ಹಿರಿಯ ಮಿಸ್ತ್ರಿಗಳಲ್ಲಿ ಅನೇಕರು ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವರು. ಆದರೆ ಆ ವಿದ್ಯೆಗೆ ನಾವು ಬೆಲೆ ಕಟ್ಟಿಲ್ಲ. ಎರಡು ಗಂಟೆ ಕುಳಿತು ಪರೀಕ್ಷಿಸಿ, ಮುಚ್ಚಳದ ರಂಧ್ರವನ್ನು ತಂತಿಯಿಂದ ಚುಚ್ಚಿ ಸರಿಪಡಿಸಿದ ಮಿಸ್ತ್ರಿಗೆ ಗಿರಾಕಿ ಚಹಾದ ದುಡ್ಡು ಕೊಟ್ಟು ಹೊರಡುತ್ತಾನೆ. ಅದೇ ಮಿಸ್ತ್ರಿ ಪಂಪನ್ನು ಬಿಚ್ಚಿಸಿದ್ದರೆ ಕೂಲಿಯೂ ಸಿಗುತ್ತಿತ್ತು, ಬಿಡಿಭಾಗದ ಅಂಗಡಿಯಿಂದ ಕಮಿಷನ್ನೂ ಸಿಗುತ್ತಿತ್ತು. ಹೀಗಿರುವಾಗ ಪ್ರಾಮಾಣಿಕವಾಗಿ ದೋಷ ಹುಡುಕುವವನು ನಷ್ಟಕ್ಕೆ ಒಳಗಾಗುವುದೂ, ಹುಡುಕದೆ ಬದಲಿಸುವವನು ಲಾಭ ಗಳಿಸುವುದೂ ನಮ್ಮ ವ್ಯವಸ್ಥೆಯ ಸಹಜ ಫಲವಾಗಿದೆ. ಈ ಮಾತು ಬಿಡಿಭಾಗಗಳ ವ್ಯಾಪಾರಿ ಬಂಧುಗಳಿಗೆ ರುಚಿಸಲಾರದು. ಆದರೆ ಮನಗಾಣಲೇಬೇಕಾದ ಮಾತಿದು.

ವೈದ್ಯರ ಬಳಿಗೆ ಹೋದಾಗ ನಾವು ಔಷಧಿಯ ಬೆಲೆಯೊಂದಿಗೆ ತಪಾಸಣೆಯ ಶುಲ್ಕವನ್ನೂ ಪ್ರತ್ಯೇಕವಾಗಿ ಕೊಡುತ್ತೇವೆ. ‘ನಿಮಗೆ ಔಷಧಿಯೇ ಬೇಡ, ನೀರು ಹೆಚ್ಚು ಕುಡಿಯಿರಿ’ ಎಂದು ವೈದ್ಯರು ಹೇಳಿದರೂ ಶುಲ್ಕ ಕೊಟ್ಟು ಸಮಾಧಾನದಿಂದ ಹಿಂದಿರುಗುತ್ತೇವೆ. ಯಂತ್ರದ ವಿಷಯದಲ್ಲಿ ಈ ಪದ್ಧತಿ ಏಕೆ ಕೂಡದು?

ಆಕ್ಷೇಪಗಳಿಗೆ ಉತ್ತರ

ಹಳೆಯದಕ್ಕೆ ಹಣ ಸುರಿಯುವುದಕ್ಕಿಂತ ಹೊಸದನ್ನು ಕೊಳ್ಳುವುದು ಲೇಸಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಈ ವಾದಕ್ಕೆ ಬಲ ನೀಡುತ್ತದೆ. ಆದರೆ ಅಂದೇ ಟ್ರ್ಯಾಕ್ಟರಿನ ಟಯರು ಹಾಗೂ ಹಲವು ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ದುರಸ್ತಿಯೂ ಅಗ್ಗವಾಗಿದೆಯೆಂಬುದು ಇದರ ಅರ್ಥ. ವರ್ಷದಲ್ಲಿ ಕೆಲವೇ ವಾರ ಟ್ರ್ಯಾಕ್ಟರು ಬಳಸುವ ಸಣ್ಣ ಹಿಡುವಳಿದಾರನಿಗೆ, ಸಾಲದ ಕಂತಿಲ್ಲದ 25 ಅಶ್ವಶಕ್ತಿಯ ಹಳೆಯ ಯಂತ್ರವೇ ಹೊರೆಯಿಲ್ಲದ ಆಸ್ತಿ.

ಹೊಸ ಯಂತ್ರಗಳ ಸ್ವರೂಪವೂ ಬದಲಾಗುತ್ತಿದೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ಮಾನದಂಡಗಳು ಜಾರಿಗೆ ಬಂದಿದ್ದು, ಅವುಗಳೊಡನೆ ಎಲೆಕ್ಟ್ರಾನಿಕ್ ನಿಯಂತ್ರಣಗಳೂ ಬಂದಿವೆ. ಅಲ್ಲಿ ದೋಷವನ್ನು ಕಂಪ್ಯೂಟರು ಸಂಕೇತದ ಮೂಲಕ ಸೂಚಿಸುತ್ತದೆ. ಆದರೂ ಆ ಸಂಕೇತದ ಹಿಂದಿನ ಕಾರಣವನ್ನು ಮನುಷ್ಯನೇ ಹುಡುಕಬೇಕು. ಹಳೆಯ ಯಂತ್ರದಲ್ಲಿ ಕ್ರಮಬದ್ಧವಾಗಿ ಯೋಚಿಸಲು ಕಲಿತ ಯುವಕನು ಹೊಸ ಯಂತ್ರದ ಮುಂದೆಯೂ ತಬ್ಬಿಬ್ಬಾಗಲಾರನು.

ಇನ್ನೊಂದು ಆಕ್ಷೇಪ ಸುರಕ್ಷತೆಯದು. ಇದು ನ್ಯಾಯವಾದ ಆಕ್ಷೇಪವೆಂದು ಒಪ್ಪಲೇಬೇಕು. ಹಳೆಯ ಟ್ರ್ಯಾಕ್ಟರುಗಳಿಗೆ ಉರುಳಿದಾಗ ಚಾಲಕನನ್ನು ಕಾಪಾಡುವ ಚೌಕಟ್ಟಿಲ್ಲ. ಬ್ರೇಕುಗಳು ಇಂದಿನ ಮಟ್ಟದವಲ್ಲ. ಪುನಶ್ಚೇತನಗೊಂಡ ಯಂತ್ರ ಹೊಲದ ಹಗುರ ಕೆಲಸಕ್ಕೆ, ಪ್ರದರ್ಶನಕ್ಕೆ, ಕಲಿಕೆಗೆ ಯೋಗ್ಯ. ಕಲ್ಲು ತುಂಬಿದ ಟ್ರೇಲರನ್ನು ಹೆದ್ದಾರಿಯಲ್ಲಿ ಎಳೆಯಲು ಯೋಗ್ಯವಲ್ಲ. ಬ್ರೇಕು ಮತ್ತು ಸ್ಟೇರಿಂಗಿನ ಪರೀಕ್ಷೆ ಎಂಜಿನ್ನಿನ ಪರೀಕ್ಷೆಗಿಂತ ಮೊದಲೇ ಆಗಬೇಕು.

ಪರಂಪರೆಯ ದೃಷ್ಟಿಯಿಂದಲೂ ಒಂದು ಮಾತು. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ರೂಪಿಸಿತು. 50 ವರ್ಷ ಮೀರಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ದ್ವಿಚಕ್ರ ವಾಹನಗಳಿಗೂ ಸ್ವಂತ ಬಳಕೆಯ ಕಾರುಗಳಿಗೂ ಅದು ಅನ್ವಯಿಸುತ್ತದೆ. ಟ್ರ್ಯಾಕ್ಟರಿಗೆ ಅದರಲ್ಲಿ ಸ್ಥಾನವಿಲ್ಲ. ಶ್ರೀಮಂತರ ಕಾರು ಪರಂಪರೆಯೆನಿಸಿ, ರೈತನ ಟ್ರ್ಯಾಕ್ಟರು ಗುಜರಿಯೆನಿಸುವುದು ವಿಷಾದಕರ. ಆದರೂ ಆ ನಿಯಮದಲ್ಲಿರುವ ತತ್ತ್ವ ನಮಗೆ ಮಾರ್ಗದರ್ಶಕ. ಮೂಲ ಭಾಗಗಳನ್ನು ಉಳಿಸಿಕೊಂಡ ಯಂತ್ರಕ್ಕೇ ಬೆಲೆ ಹೆಚ್ಚು. ಮೂಲ ಭಾಗಗಳನ್ನು ಉಳಿಸಲು ಇರುವ ದಾರಿಯೂ ಸರಿಯಾದ ದೋಷ ಪತ್ತೆಯೇ.

ಮಾಡಬಹುದಾದ ಕೆಲಸಗಳು

ಕುರಕುಂಟಾದಲ್ಲಿ ಭಾರತ ಸಿಮೆಂಟ್ ನಿಗಮದ ಕಾರ್ಖಾನೆ 1972ರಲ್ಲಿ ಉತ್ಪಾದನೆ ಆರಂಭಿಸಿ 1998ರಲ್ಲಿ ನಿಂತಿತು. ಸಿಮೆಂಟ್ ಕಾರ್ಖಾನೆಗಳಲ್ಲಿ ಯಂತ್ರವೊಂದು ನಿಂತರೆ ನಿಂತ ವೇಳೆ, ಕಂಡುಬಂದ ಕಾರಣ, ಕೈಗೊಂಡ ಕ್ರಮ ಈ ಮೂರನ್ನೂ ಪುಸ್ತಕದಲ್ಲಿ ದಾಖಲಿಸುವುದು ವಾಡಿಕೆ. ಈ ಶಿಸ್ತಿನಲ್ಲಿ ಪಳಗಿದ ಫಿಟ್ಟರುಗಳೂ ಎಲೆಕ್ಟ್ರಿಷಿಯನ್ನರೂ ವಾಡಿಯಿಂದ ಸೇಡಂವರೆಗಿನ ಸಿಮೆಂಟ್ ಊರುಗಳಲ್ಲಿ ನಮ್ಮ ನಡುವೆಯೇ ಇದ್ದಾರೆ. ಕಾರ್ಖಾನೆಯ ಆ ಶಿಸ್ತನ್ನು ರಸ್ತೆ ಬದಿಯ ವರ್ಕ್‌ಶಾಪಿಗೆ ತರುವುದೊಂದೇ ಆಗಬೇಕಾಗಿರುವುದು. ಈ ದಿಸೆಯಲ್ಲಿ ನಾಲ್ಕು ಸಲಹೆಗಳನ್ನು ಸಂಸ್ಥೆಯ ಪರಿಶೀಲನೆಗೆ ಸಲ್ಲಿಸಬಯಸುತ್ತೇನೆ.

ಒಂದು, ದುರಸ್ತಿಯ ಬಿಲ್ಲಿನಲ್ಲಿ ತಪಾಸಣೆಯ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸುವ ಪದ್ಧತಿಯನ್ನು ಸದಸ್ಯ ವರ್ಕ್‌ಶಾಪುಗಳು ಆರಂಭಿಸಬೇಕು. ಬಿಡಿಭಾಗ ಬದಲಾಗಲಿ ಬಿಡಲಿ, ಈ ಶುಲ್ಕ ಸಲ್ಲಬೇಕು. ಗಿರಾಕಿಗೆ ಇದು ಮೊದಲು ಹೊಸದೆನಿಸಿದರೂ ಒಟ್ಟು ಖರ್ಚು ತಗ್ಗಿದುದನ್ನು ಕಂಡಾಗ ಒಪ್ಪಿಗೆಯಾಗುತ್ತದೆ.

ಎರಡು, ಪ್ರತಿ ಟ್ರ್ಯಾಕ್ಟರಿಗೂ ಒಂದು ದುರಸ್ತಿ ಚೀಟಿ ಇರಬೇಕು. ಗಿರಾಕಿ ಹೇಳಿದ ದೂರು, ಮಾಡಿದ ಪರೀಕ್ಷೆಗಳು, ಆಯಿಲ್ ಒತ್ತಡ, ಸಿಲಿಂಡರುಗಳ ಕಂಪ್ರೆಷನ್, ನಾಜಲ್ಲುಗಳ ಒತ್ತಡ, ಬದಲಿಸಿದ ಭಾಗ ಮತ್ತು ಬದಲಿಸಲು ಕಾರಣ ಇವೆಲ್ಲ ಅದರಲ್ಲಿ ದಾಖಲಾಗಬೇಕು. ತೆಗೆದ ಹಳೆಯ ಭಾಗವನ್ನು ಮಾಲೀಕನಿಗೆ ಮರಳಿಸಬೇಕು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಟ್ರ್ಯಾಕ್ಟರಿನ ಭಾಗಗಳ ಅಳತೆಯನ್ನೂ, ಅವು ಎಷ್ಟು ಸವೆಯುವವರೆಗೆ ಬಳಸಬಹುದೆಂಬ ಮಿತಿಯನ್ನೂ ಕೊಡಲಾಗುತ್ತದೆ. ಅಂದಾಜಿನ ಮೇಲೆ ‘ಸವೆದಿದೆ’ ಎನ್ನುವುದರ ಬದಲು ಅಳೆದು ಹೇಳುವ ಈ ಕ್ರಮವೇ ನಮಗೆ ಮಾದರಿಯಾಗಬೇಕು.

ಮೂರು, ಕಂಪ್ರೆಷನ್ ಗೇಜ್, ನಾಜಲ್ ಪರೀಕ್ಷಾ ಯಂತ್ರ, ಆಯಿಲ್ ಒತ್ತಡದ ಮಾಪಕ ಇವು ಕೈಗೆಟುಕದ ಸಾಧನಗಳಲ್ಲ. ಆದರೆ ಸಣ್ಣ ಮಿಸ್ತ್ರಿ ಇವೆಲ್ಲವನ್ನೂ ಒಬ್ಬನೇ ಕೊಳ್ಳಲಾರನು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಗೊಂಡ, ಈಗ ಬಾಷ್ ಎಂದು ಹೆಸರಾಗಿರುವ ಮೈಕೋ ಸಂಸ್ಥೆಯ ಪಂಪು, ನಾಜಲ್ಲುಗಳೇ ದೇಶದ ಎಷ್ಟೋ ಹಳೆಯ ಟ್ರ್ಯಾಕ್ಟರುಗಳಲ್ಲಿವೆ. ಅವುಗಳ ಪರೀಕ್ಷೆಗೆ ಬೇಕಾದ ಸಾಧನಗಳ ಒಂದು ಸಾಮೂಹಿಕ ಕೇಂದ್ರವನ್ನು ಸೇಡಂನಲ್ಲಿ ವ್ಯಾಪಾರಿಗಳು ಕೂಡಿ ಸ್ಥಾಪಿಸಿದರೆ ಸುತ್ತಲಿನ ತಾಲ್ಲೂಕುಗಳಿಗೆಲ್ಲ ಉಪಯೋಗವಾದೀತು.

ನಾಲ್ಕು, ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ವೃತ್ತಿ ತರಬೇತಿಗಳಿಗೆ ಅವಕಾಶವಿದೆ. ಹಿತ್ತಲಿನಲ್ಲಿ ನಿಂತಿರುವ ಹಳೆಯ ಟ್ರ್ಯಾಕ್ಟರೊಂದನ್ನು ಇಂತಹ ಸಂಸ್ಥೆಗೆ ದಾನವಾಗಿ ನೀಡಿ, ಹಿರಿಯ ಮಿಸ್ತ್ರಿಯೊಬ್ಬರನ್ನು ಗೌರವಧನದ ಮೇಲೆ ಕರೆಯಿಸಿ, ವಿದ್ಯಾರ್ಥಿಗಳಿಂದಲೇ ಅದರ ಪುನಶ್ಚೇತನ ಮಾಡಿಸಬಹುದು. ಅವರು ಹೇಳುವುದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಕೈಪಿಡಿಯೊಂದು ತಾನಾಗಿ ಸಿದ್ಧವಾಗುತ್ತದೆ. ಆ ಹಿರಿಯರ ತಲೆಮಾರು ಸರಿದುಹೋಗುತ್ತಿರುವುದರಿಂದ ನಾಲ್ಕರಲ್ಲಿ ಇದು ಅತ್ಯಂತ ತುರ್ತಿನ ಕೆಲಸ.

ಬಿಡಿಭಾಗಗಳ ಮಾರಾಟ ಇದರಿಂದ ಕುಸಿಯುವುದೆಂಬ ಭಯ ಬೇಡ. ಕೈಬಿಟ್ಟ ಟ್ರ್ಯಾಕ್ಟರು ಒಂದು ಬೋಲ್ಟನ್ನೂ ಕೊಳ್ಳುವುದಿಲ್ಲ. ನಡೆಯುವ ಟ್ರ್ಯಾಕ್ಟರು ವರ್ಷವರ್ಷವೂ ಎಣ್ಣೆ, ಫಿಲ್ಟರು, ಬೆಲ್ಟು, ಟಯರುಗಳನ್ನು ಬೇಡುತ್ತದೆ. ಗಿರಾಕಿಯ ನಂಬಿಕೆಯೇ ವ್ಯಾಪಾರದ ನಿಜವಾದ ದಾಸ್ತಾನು. ಈ ನಾಲ್ಕು ಸಲಹೆಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಅನುಮತಿಯೂ ಬೇಡ, ಅನುದಾನವೂ ಬೇಡ. ಮುಂದಿನ ಹಿಂಗಾರಿನ ಹಂಗಾಮಿಗೆ ಮುನ್ನ ಕನಿಷ್ಠ ಹತ್ತು ವರ್ಕ್‌ಶಾಪುಗಳು ತಪಾಸಣಾ ಶುಲ್ಕದ ಪದ್ಧತಿಯನ್ನು ಪ್ರಯೋಗಾರ್ಥವಾಗಿ ಕೈಗೊಂಡು, ಅದರ ಫಲಿತಾಂಶವನ್ನು ಇದೇ ಪತ್ರಿಕೆಯ ಮೂಲಕ ಸದಸ್ಯರ ಮುಂದಿಡಬೇಕೆಂದು ವಿನಂತಿ.